ಚಿನ್ನಿಗೆ ಮೂರು ದಿನ ಉಪವಾಸ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಇವತ್ತು ಬೆಳಿಗ್ಗೆ ನಮ್ಮ ಮನೆಯ ಮೀನು ಎರಡಕ್ಕೆ ಹೋಯಿತು. ಹೋದದ್ದಷ್ಟೇ ಅಲ್ಲ, ನಾಲ್ಕೈದು ದಿನದಿಂದ ಮಗ್ಗುಲಾಗಿ ತೇಲುತ್ತಿದ್ದುದು ನೆಟ್ಟಗಾಗಿ, ಬಾಲ ಬೀಸಿಕೊಂಡು ಗಾಜಿನ ತೊಟ್ಟಿಯನ್ನು ಒಂದು ಸುತ್ತು ಹಾಕಿತು. ನನ್ನ ಮಗ ಹತ್ತನೇ ತರಗತಿ ಪಾಸಾದ ದಿನವೂ ನಾನು ಇಷ್ಟು ಹಿಗ್ಗಿರಲಿಲ್ಲ. ಅವನು ಪಾಸಾಗುತ್ತಾನೆಂದು ಮೇಷ್ಟ್ರು ಮೊದಲೇ ಹೇಳಿದ್ದರು. ಮೀನಿನ ವಿಷಯದಲ್ಲಿ ಯಾರೂ ಭರವಸೆ ಕೊಟ್ಟಿರಲಿಲ್ಲ. ಪಕ್ಕದ ಮನೆಯ ರತ್ನಮ್ಮನಿಗೆ ಕಾಂಪೌಂಡಿನ ಮೇಲಿಂದಲೇ ಕೂಗಿ ಹೇಳಿದೆ. ಅವಳು “ಒಳ್ಳೇದಾಯ್ತು ಬಿಡಕ್ಕ” ಎಂದು ಒಳಗೆ ಹೋದಳು.

ಮೀನು ನನ್ನದಲ್ಲ, ಐದನೇ ತರಗತಿ ಓದುವ ಮೊಮ್ಮಗಳು ದೀಕ್ಷಾಳದ್ದು. ಚಿನ್ನದ ಬಣ್ಣದ್ದು, ಹೆಸರು ಚಿನ್ನಿ. ಕಳೆದ ವಾರ ಅವಳು ತಾಯಿಯ ಜೊತೆ ದಾಬಸ್‌ಪೇಟೆಯ ಸೋದರಮಾವನ ಮನೆಗೆ ಐದು ದಿನಕ್ಕೆ ಹೊರಟಾಗ ನನ್ನನ್ನು ತೊಟ್ಟಿಯ ಮುಂದೆ ನಿಲ್ಲಿಸಿ ಪಾಠ ಹೇಳಿದಳು. ಡಬ್ಬಿಯಲ್ಲಿರುವ ಮೀನಿನ ಕಾಳು ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ. ಎರಡು ನಿಮಿಷದಲ್ಲಿ ಎಷ್ಟು ತಿನ್ನುತ್ತದೋ ಅಷ್ಟೇ. ನಾನು ಮೂರನೇ ತರಗತಿಗೇ ಸ್ಲೇಟು ಕೆಳಗಿಟ್ಟವಳಾದರೂ ಚಿಟಿಕೆ ಎಂದರೇನೆಂದು ಗೊತ್ತು ಎಂದೆ. ಆದರೆ ನನ್ನ ಚಿಟಿಕೆ ಹತ್ತು ಜನರ ಸಾರಿಗೆ ಉಪ್ಪು ಹಾಕಿ ಪಳಗಿದ ಚಿಟಿಕೆ ಎಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ರೇಷ್ಮೆಹುಳ ಸಾಕಿದವಳು. ಹುಳ ತಲೆಯಾಡಿಸಿ ಹುಡುಕಿದರೆ ಸೊಪ್ಪು ಹಾಕು, ಹಸಿದ ಹುಳ ಗೂಡು ಕಟ್ಟುವುದಿಲ್ಲ ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ದೊಡ್ಡ ಹುಳ ಸೊಪ್ಪು ಮೇಯುವಾಗ ಇಡೀ ಹುಳದ ಮನೆ ಮಳೆ ಬಿದ್ದಂತೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿದರೇ ನನಗೆ ಹೊಟ್ಟೆ ತುಂಬಿದ ಹಾಗೆ. ಈ ಚಿನ್ನಿಯಾದರೋ, ನಾನು ಪೊರಕೆ ಹಿಡಿದು ಆ ಕಡೆ ಹೋದರೆ ಸಾಕು, ಗಾಜಿಗೆ ಮೂತಿ ತಾಗಿಸಿ ಬಾಯಿ ತೆರೆಯುವುದು, ಮುಚ್ಚುವುದು, ತೆರೆಯುವುದು. ಮಾತು ಬಾರದ ಜೀವ ಇನ್ನು ಹೇಗೆ ಕೇಳಬೇಕು? ಎರಡು ಚಿಟಿಕೆ ಆರಾಯಿತು. ಮಧ್ಯಾಹ್ನ ನಾವು ಉಣ್ಣುವಾಗ ಅದು ನೋಡುತ್ತಿರುತ್ತದಲ್ಲ ಎಂದು ಇನ್ನೊಂದು.

ಮೂರನೇ ದಿನ ಹಿತ್ತಲಿಂದ ಬರುತ್ತೇನೆ, ನಮ್ಮ ಯಜಮಾನರು ತೊಟ್ಟಿಯ ಮುಂದೆ ಬಗ್ಗಿದ್ದಾರೆ. ಕೈಯಲ್ಲಿ ರಾಗಿಮುದ್ದೆಯ ಚೂರು. ಏನು ಮಾಡ್ತಿದ್ದೀರಿ ಎಂದರೆ, ತಪ್ಪು ನನ್ನದೇ ಎಂಬಂತೆ ತಿರುಗಿ ನೋಡಿದರು.

“ಅಂಗ್ಡಿ ಕಾಳು ತಿಂದೂ ತಿಂದೂ ಅದರ ನಾಲ್ಗೆ ಕೆಟ್ಟೋಗಿರ್ತದೆ ಕಣೆ.”

ಬೈಯಬೇಕಿತ್ತು. ಆದರೆ ನನ್ನ ಸೆರಗಿನ ಗಂಟಿನಲ್ಲಿ ಆಗಲೇ ಮೀನಿನ ಕಾಳು ಇತ್ತು. ಹೌದಲ್ಲ ಎಂದು ಗಂಟು ಬಿಚ್ಚಿದೆ.

ನಾಲ್ಕನೇ ದಿನಕ್ಕೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಚಿನ್ನಿ ಹೊಟ್ಟೆ ಊದಿಸಿಕೊಂಡು ಮಗ್ಗುಲಾಗಿ ಮೇಲೆ ಬಂತು. ಕಾಯಿಲೆಯವರಿಗೆ ಶಕ್ತಿ ಬೇಕಲ್ಲವೇ, ಇನ್ನೊಂದು ಚಿಟಿಕೆ ಹಾಕಿದೆ.

ಮರುದಿನ ದೀಕ್ಷಾ ಬಂದವಳು ಚಪ್ಪಲಿ ಬಿಡದೆ ತೊಟ್ಟಿಯ ಹತ್ತಿರ ಓಡಿದಳು. ಆಮೇಲೆ ಕಾಳಿನ ಡಬ್ಬಿ ಎತ್ತಿ ಅಲ್ಲಾಡಿಸಿದಳು. ಮೂರು ತಿಂಗಳಿಗೆ ಬರಬೇಕಾದ ಡಬ್ಬಿ ಸದ್ದು ಮಾಡಲಿಲ್ಲ. ಅವಳು ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಅಳಲಿಲ್ಲ. “ನಿನ್ನ ನಂಬಿ ಬಿಟ್ಟೋಗಿದ್ನಲ್ಲ ಅಜ್ಜಿ” ಎಂದಳು ಅಷ್ಟೇ. ಐವತ್ತು ವರ್ಷದಲ್ಲಿ ನನ್ನ ಕೈಯ ಅನ್ನದ ಮೇಲೆ ಬಂದ ಮೊದಲ ದೂರು ಅದು.

ಮಗ ಹೊಸಕೋಟೆಯ ಮೀನಿನ ಅಂಗಡಿಯವನಿಗೆ ಫೋನ್ ಮಾಡಿದ. ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ, ಮೂರು ದಿನ ಏನೂ ಹಾಕಬೇಡಿ, ಆಮೇಲೆ ಒಂದು ಬಟಾಣಿ ಬೇಯಿಸಿ ಸಿಪ್ಪೆ ತೆಗೆದು ಚೂರು ಮಾಡಿ ಕೊಡಿ ಎಂದನಂತೆ. ಉಪವಾಸ ಎಂದರೆ ನನಗೆ ಆಗದು. ಏಕಾದಶಿಯ ದಿನವೂ ಉಪ್ಪಿಟ್ಟು ತಿಂದೇ ದೇವರಿಗೆ ಕೈಮುಗಿದವಳು ನಾನು. ಕಾಯಿಲೆ ಬಿದ್ದ ಜೀವವನ್ನು ಹಸಿವಿನಿಂದ ಕೊಲ್ಲುತ್ತೀರಾ ಎಂದು ಜಗಳಕ್ಕೆ ನಿಂತೆ.

ದೀಕ್ಷಾ ನನ್ನ ಕಡೆ ತಿರುಗಿದಳು. “ಹುಳ ಜ್ವರಕ್ಕೆ ಕೂತಾಗ ಒಂದೆಲೆನೂ ಹಾಕ್ಬೇಡ ಅಂತ ನೀನೇ ಬೈತೀಯಲ್ಲ ಅಜ್ಜಿ?”

ಹುಳ ಪೊರೆ ಬಿಡುವಾಗ ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕಿದರೆ ಬೆಳೆಯೇ ಹಾಳು. ಹಾಕಿದವರಿಗೆ ನಾನು ಎಂಥ ಮಾತು ಆಡಿದ್ದೇನೆ ಎಂದು ಇಲ್ಲಿ ಹೇಳಲಾರೆ. ಆ ಮಾತುಗಳನ್ನೆಲ್ಲ ಒಂದೊಂದಾಗಿ ನನಗೇ ಹೇಳಿಕೊಂಡು ಅಡುಗೆಮನೆಗೆ ಹೋದೆ.

ಆ ಮೂರು ದಿನ ತೊಟ್ಟಿಯ ಮುಂದೆ ಹಾಯುವಾಗ ಮುಖಕ್ಕೆ ಸೆರಗು ಅಡ್ಡ ಹಿಡಿದೆ. ಚಿನ್ನಿ ಮಲಗಿದಲ್ಲಿಂದಲೇ ಬಾಯಿ ತೆರೆಯುತ್ತಿತ್ತು. ಯಜಮಾನರನ್ನು ಆ ಕೋಣೆಗೇ ಬಿಡಲಿಲ್ಲ. ನಿನ್ನೆ ಸಂಜೆ ಬಟಾಣಿಯ ಸಿಪ್ಪೆ ತೆಗೆದು ಚೂರು ಮಾಡಿದವಳು ನಾನು, ನೀರಿಗೆ ಹಾಕಿದವಳು ದೀಕ್ಷಾ. ನನ್ನ ಕೈಗೆ ಇನ್ನೂ ಪರವಾನಗಿ ಸಿಕ್ಕಿರಲಿಲ್ಲ. ಬೆಳಗಾದರೆ, ಆಗಲೇ ಹೇಳಿದೆನಲ್ಲ, ಆ ಸುದ್ದಿ.

ಇಂಥ ದಿನ ಸುಮ್ಮನೆ ಸಾರು ಮಾಡಲು ಆಗುತ್ತದೆಯೇ? ಅವರೆಕಾಯಿ ಕಾಲ. ಸೊಸೆ ಪುಷ್ಪ ಕಾಯಿ ಸುಲಿದು ಕಾಳು ನೆನೆಹಾಕಿದಳು, ಮನೆಯಲ್ಲಿದ್ದವರೆಲ್ಲ ಸುತ್ತ ಕೂತು ಒಂದೊಂದೇ ಕಾಳು ಒತ್ತಿ ಸಿಪ್ಪೆ ಬಿಡಿಸಿ ಹಿತಕಿದೆವು. ಬೇಳೆ ಚಿಮ್ಮಿ ಯಜಮಾನರ ಕನ್ನಡಕಕ್ಕೆ ಬಡಿಯಿತು. ಸಂಜೆ ಮಗ ಫ್ಯಾಕ್ಟರಿಯಿಂದ ಬರುವುದಕ್ಕೂ ಮುದ್ದೆ ಇಳಿಯುವುದಕ್ಕೂ ಸರಿಹೋಯಿತು. ಐದೂ ಜನ ತೊಟ್ಟಿಯ ಎದುರೇ ಸಾಲಾಗಿ ಕೂತೆವು. ದೀಕ್ಷಾ ಅಪ್ಪ ತಂದ ಹೊಸ ಡಬ್ಬಿಯಿಂದ ಚಿನ್ನಿಗೆ ನಾಲ್ಕೇ ನಾಲ್ಕು ಕಾಳು ಎಣಿಸಿ ಹಾಕಿ ಬಂದು ನನ್ನ ಪಕ್ಕ ಕೂತಳು.

ಹಿತಕಿದ ಬೇಳೆ ಸಾರಿನಲ್ಲಿ ಮೊದಲ ಮುದ್ದೆ ಹೇಗೆ ಇಳಿಯಿತೋ ತಿಳಿಯಲಿಲ್ಲ. ನನ್ನ ಸಕ್ಕರೆ ಕಾಯಿಲೆಗೆ ಒಂದೇ ಮುದ್ದೆ ಎಂದು ಡಾಕ್ಟರು ಹೇಳಿದ್ದಾರೆ. ಸಂತೋಷದ ದಿನಕ್ಕೆ ಆ ಮಾತು ಹೊಂದುವುದಿಲ್ಲವೆಂದು ಎರಡನೆಯದಕ್ಕೆ ಕೈ ಚಾಚಿದೆ. ತಟ್ಟೆಯ ಮೇಲೆ ಪುಟ್ಟ ಕೈಯೊಂದು ಅಡ್ಡ ಬಂತು.

“ಎರಡ್ ನಿಮಿಷ ಆಯ್ತು ಅಜ್ಜಿ.”

ಎಲ್ಲರೂ ನಕ್ಕರು. ನಾನು ಏನೋ ಹೇಳಲು ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಎದುರಿಗೆ ಗಾಜಿನ ಹಿಂದೆ ಚಿನ್ನಿಯೂ ಅದನ್ನೇ ಮಾಡುತ್ತಿತ್ತು. ದೀಕ್ಷಾ ನೀರು ಕುಡಿಯಲು ಲೋಟ ಎತ್ತಿದಾಗ ಯಜಮಾನರು ಸದ್ದಿಲ್ಲದೆ ಅರ್ಧ ಮುದ್ದೆಯನ್ನು ನನ್ನ ತಟ್ಟೆಗೆ ಜಾರಿಸಿದರು. ಇಷ್ಟೆಲ್ಲ ಆದರೂ ಆ ಮನುಷ್ಯನಿಗೆ ಬುದ್ಧಿ ಬಂದಿಲ್ಲವಲ್ಲ ಎಂದುಕೊಂಡು, ಬೇಗ ಬೇಗ ನುಂಗಿದೆ.