ಅಥೆನ್ಸಿನ ಗುಡ್ಡದ ಮೇಲೆ ನನ್ನ ಇಂಗ್ಲಿಷು

ಇಂಗ್ಲಿಷ್ ಕಲಿತವನು ಲೋಕದ ಯಾವ ಮೂಲೆಗೆ ಹೋದರೂ ಬದುಕಿಕೊಳ್ಳುತ್ತಾನೆ ಎಂದು ಕಲಬುರಗಿಯ ಶಾಲೆಯಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಅದು ಅಪ್ಪಟ ಸುಳ್ಳೆಂದು ಅನುಭವದಿಂದ ತಿಳಿದಮೇಲೂ ಹೇಳುವುದನ್ನು ಬಿಟ್ಟಿಲ್ಲ. ಬಿಟ್ಟರೆ ಇಂಗ್ಲಿಷ್ ಮಾಸ್ತರನಿಗೆ ಹೇಳಲು ಬೇರೆ ಏನಿದೆ?

ನಮ್ಮ ಕಡೆಯ ಜಾಗೀರದಾರರೊಬ್ಬರಿಗೆ ವಿಲಾಯತಿ ನೋಡುವ ಹುಚ್ಚು ಹತ್ತಿತು. ಬೇಸಿಗೆ ರಜೆಯಲ್ಲಿ ದುಭಾಷಿಯೆಂದು ನನ್ನನ್ನೂ, ಜೋಳದ ರೊಟ್ಟಿಯಿಲ್ಲದೆ ಊಟ ಸೇರದ್ದರಿಂದ ಕಮಲಾಪುರದ ಅಡಿಗೆಯ ಶರಣಪ್ಪನನ್ನೂ ಕರೆದುಕೊಂಡು ಹಡಗು ಹತ್ತಿದರು. ಲಂಡನ್ನಿನಲ್ಲಿ ನನ್ನ ಇಂಗ್ಲಿಷು ಹೇಗೋ ನಡೆಯಿತು. ಅಲ್ಲಿಯವರು ಸಭ್ಯರು, ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದರು. ತಿರುಗಿ ಬರುವಾಗ ಹಡಗು ಗ್ರೀಸಿನ ಬಂದರಿನಲ್ಲಿ ಎರಡು ದಿನ ನಿಂತಿತು. ಲೋಕಕ್ಕೆ ಬುದ್ಧಿ ಕಲಿಸಿದ ಊರು ಅಥೆನ್ಸ್, ಅದನ್ನು ನೋಡದೆ ಹೋಗಬಾರದೆಂದು ನಾನೇ ಗಂಟುಬಿದ್ದೆ. ಹಡಗಿನಲ್ಲಿ ಒಂದು ಪುಸ್ತಕ ಹಿಡಿದು ಅಲ್ಲಿಯ ಗುಡ್ಡದ ಮೇಲಿನ ಹಳೆಯ ಗುಡಿಯ ಕಂಬಗಳ ಚರಿತ್ರೆಯನ್ನೆಲ್ಲ ಬಾಯಿಪಾಠ ಮಾಡಿದ್ದೆ. ಅದು ವ್ಯರ್ಥವಾಗಬಾರದಲ್ಲ.

ನಡುಮಧ್ಯಾಹ್ನ ಶೇರವಾನಿ ತೊಟ್ಟು ಗುಡ್ಡ ಹತ್ತಬೇಡಿರೆಂದರೆ ಜಾಗೀರದಾರರು ಕೇಳಲಿಲ್ಲ. "ಕಲಬುರ್ಗಿ ಬಿಸಿಲು ಉಂಡು ಬೆಳದಾಂವ ನಾ. ಈ ಬಿಸಿಲಿಗೆ ಏನ್ ಕಿಮ್ಮತ್ತದ?" ಎಂದರು. ಮೇಲೆ ಹೋಗಿ ಬೋಳು ಕಂಬಗಳನ್ನು ಬಹಳ ಹೊತ್ತು ನೋಡಿದರು.

"ಯಾವ ದೇವರ ಗುಡಿ ಇದು, ಮಾಸ್ತರ?"

"ಅಥೀನಾ ಅಂತ ದೇವಿದರೀ, ಸರಕಾರ್. ವಿದ್ಯಾದ ದೇವತಿ."

"ಮೂರ್ತಿ ಎಲ್ಲದ?"

"ಎಂದೋ ಹೋಗ್ಯದರೀ."

"ಮಾಳಿಗಿ?"

"ಅದೂ ಹೋಗ್ಯದರೀ."

"ಶಹಾಬಾದಿಂದ ನಾಕು ಗಾಡಿ ಕಲ್ಲು ತರಿಸಿದ್ರ ನಮ್ಮ ಗೌಂಡಿ ಹದಿನೈದು ದಿನದಾಗ ಮುಚ್ಚಿ ಕೊಡ್ತಾನ. ಸುಮ್ಮ ಹಂಗೇ ಬಿಟ್ಟಾರಲ್ಲ, ಏನ್ ಮಂದಿನೋ."

ನಾನು ಚರಿತ್ರೆ ಶುರುಮಾಡಿದೆ. ಮೂರನೆಯ ಕಂಬಕ್ಕೆ ಬರುವಷ್ಟರಲ್ಲಿ ಜಾಗೀರದಾರರು ಕುಸಿದು ಕೂತರು. ಮುಖ ಬೂದಿಯಾಗಿತ್ತು, ಕಣ್ಣು ಮೇಲೆ ಹೋಗುತ್ತಿತ್ತು. ತಂದ ನೀರು ದಾರಿಯಲ್ಲೇ ಮುಗಿದಿತ್ತು. ಪರದೇಶದಲ್ಲಿ ಧಣಿಗಳಿಗೆ ಏನಾದರೂ ಆದರೆ ಅವರ ತಾಯಿಗೆ ಯಾವ ಮುಖ ತೋರಿಸಲಿ ಎಂದು ನೀರಿಗಾಗಿ ಸುತ್ತಲೂ ನೋಡಿದೆ.

ಸ್ವಲ್ಪ ಕೆಳಗೆ ಮರದ ನೆರಳಲ್ಲಿ ಒಬ್ಬ ಮುದುಕಿ ಮಡಕೆಗಳನ್ನಿಟ್ಟುಕೊಂಡು ಕೂತಿದ್ದಳು. ಓಡಿಹೋಗಿ, ದಯಮಾಡಿ ತಾವು ಕೊಂಚ ಜಲವನ್ನು ಒದಗಿಸಲು ಸಾಧ್ಯವೇ ಎಂದು ನಿರ್ದೋಷವಾದ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಕಣ್ಣು ಬಿಟ್ಟಳು. ಬೊಗಸೆ ಮಾಡಿ ಬಾಯಿಗೆ ತೋರಿಸಿದೆ. "ನೇ, ನೇ" ಎಂದಳು. ಉರ್ದುವಿನ 'ನಹೀ', ಮರಾಠಿಯ 'ನಾಹೀ' ಕೇಳಿ ಬೆಳೆದ ಕಿವಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ? ಹಾಗೇ ತಿರುಗಿ ಓಡಿ ಬಂದೆ.

"ಇಲ್ಲ ಅಂತಾಳ" ಎಂದೆ.

"ಮಡಕಿ ಮುಂದಿಟ್ಕೊಂಡು ಇಲ್ಲ ಅಂತಾಳೇನ್ರೀ?" ಎಂದು ಶರಣಪ್ಪ ಕೆಳಗಿಳಿದ. ನಮಗೆ ಬೆನ್ನು ಮಾಡಿ ನಿಂತು ಕಮಲಾಪುರದ ಕನ್ನಡದಲ್ಲೇ ಏನೋ ಮಾತಾಡಿದ. ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ನೀರಿನ ಮಡಕೆ ಅವನಿಗೆ ಕೊಟ್ಟು, ತಾನೇ ಒಂದು ಗಡಿಗೆ ಗಟ್ಟಿ ಮೊಸರು ಹೊತ್ತು ಬಂದಳು. ಜಾಗೀರದಾರರು ನೀರು ಕುಡಿದು, ಮೊಸರು ತಿಂದು, "ಹುಳಿ ಕಡಿಮಿ ಅದ" ಎಂದಾಗ ನಮಗೆ ಜೀವ ಬಂತು. ಮುದುಕಿ ನನ್ನ ಕೆನ್ನೆ ಸವರಿ, ಒಂದು ಬಟ್ಟಲು ಮೊಸರು ನನ್ನ ಕೈಗಿಟ್ಟಳು. ಗ್ರೀಕರು ವಿದ್ವಾಂಸರನ್ನು ಇಂದಿಗೂ ಗುರುತಿಸುತ್ತಾರೆಂದುಕೊಂಡೆ.

ಗ್ರೀಕಿನಲ್ಲಿ 'ನೇ' ಎಂದರೆ 'ಹೌದು' ಎಂದು ಸಂಜೆ ನಮ್ಮ ಹೋಟೆಲಿನವನು ಹೇಳಿದ. ಊಟದ ಹೊತ್ತಿಗೆ ಅದು ಜಾಗೀರದಾರರಿಗೂ ತಲುಪಿತು. ಮರುದಿನದಿಂದ ಮಾತಾಡುವ ಕೆಲಸ ಶರಣಪ್ಪನಿಗೆ, ರೊಟ್ಟಿಯ ಬುಟ್ಟಿ ಹೊರುವ ಕೆಲಸ ನನಗೆ.

ಮೊನ್ನೆ ಕಮಲಾಪುರಕ್ಕೆ ಹೋದಾಗ ಶರಣಪ್ಪನ ಮನೆಯಲ್ಲಿ ಕೂತು, "ಅವತ್ತು ಆ ಮುದುಕಿಗೆ ಏನ್ ಹೇಳಿದ್ಯೋ?" ಎಂದು ಕೇಳಿದೆ.

"ಅದ್ಯಾಕ್ರೀ ಈಗ, ಮಾಸ್ತರ್ರ."

ಬಿಡಲಿಲ್ಲ.

"ಆಕಿ ಹೂಂ ಅಂದು ಮಡಕಿ ಎತ್ತೂದ್ರೊಳಗ ನೀವು ಓಡಿ ಬಂದ್ರಿ. ಪಾಪ, ಅಂಜಿ ಕುಂತಿದ್ದಳ್ರೀ. ನಾ ನಿಮ್ಮ ಕಡಿ ಕೈ ಮಾಡಿ, ತಲಿ ಹತ್ರ ಬೆರಳು ತಿರುಗಿಸಿ ತೋರಿಸಿದೆ. ಆಕಿ ಒಮ್ಮಿಗೇ ನಂಬಿದಳ್ರೀ."

ಅಷ್ಟರಲ್ಲಿ ಶರಣಪ್ಪನ ಹೆಂಡತಿ ಮಜ್ಜಿಗೆ ತಂದಳು. ಕೊಡುವಾಗ ನನ್ನನ್ನು ಬಹಳ ಕನಿಕರದಿಂದ ನೋಡಿದಳು. ಬೇಡವೆನ್ನಲು ಬಾಯಿ ಬರಲಿಲ್ಲ. ಎರಡು ಲೋಟ ಕುಡಿದೆ.