ಇಡ್ಲಿ ತಟ್ಟೆಯಲ್ಲಿ ಅರಳಿದ ಗುಲಾಬಿ

ನಮ್ಮ ಚಿಕ್ಕಪ್ಪನ ಎದುರು ಹೂ ಮುಡಿದುಕೊಂಡು ಓಡಾಡುವುದು ಕ್ಷೇಮವಲ್ಲ! ಅಪಾರ್ಥ ಮಾಡಿಕೊಳ್ಳಬೇಡಿ, ಅವರ ಕಣ್ಣು ಹೂವಿನ ಮೇಲಷ್ಟೇ.

ಚಿಕ್ಕಪ್ಪ ಕೊಯಮತ್ತೂರಿನ ಕುರಿಚಿಯಲ್ಲಿ ಪಂಪ್ ಕಾರ್ಖಾನೆಯ ಕೆಲಸಗಾರ. ಎರಡು ದ್ರವ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ ಅವರಿಗೆ ಪರಿಚಯವಾದದ್ದು ಅಲ್ಲೇ. ಅದರೊಳಗೆ ಹೂವಿಟ್ಟರೆ ಬಾಡುವುದೇ ಇಲ್ಲವೆಂದು ಯಾರೋ ಹೇಳಿದರಂತೆ. ಆ ಪುಣ್ಯಾತ್ಮ ಯಾರೆಂದು ಚಿಕ್ಕಮ್ಮ ಈಗಲೂ ಹುಡುಕುತ್ತಿದ್ದಾರೆ!

ಜನ ಮಿಸ್ಡ್ ಕಾಲ್‌ನಲ್ಲೇ ಮಾತು ಮುಗಿಸುತ್ತಿದ್ದ ಕಾಲವದು. ಕೆಲಸ ಸಿಕ್ಕಿ ಮೈಸೂರಿನಿಂದ ಬಂದ ನಾನು ಅವರ ಮನೆಯಲ್ಲೇ ಇದ್ದೆ. ಮೊದಲ ಪ್ರಯೋಗಕ್ಕೆ ಚಿಕ್ಕಪ್ಪ ಹಸಿ ಮಲ್ಲಿಗೆಯನ್ನೇ ಮುಳುಗಿಸಿದರು. ಮರುದಿನ ಅದು ಹುರಿದ ಬೆಳ್ಳುಳ್ಳಿಯ ಬಣ್ಣ!

"ರಸಂಗೆ ಹಾಕಲಾ?" ಎಂದರು ಚಿಕ್ಕಮ್ಮ.

ಹೂವನ್ನು ಮೊದಲು ಮರಳಿನಲ್ಲಿ ಹೂತು ಒಣಗಿಸಬೇಕೆಂದು ಆಮೇಲೆ ತಿಳಿಯಿತು. ಅಂದಿನಿಂದ ನಮ್ಮ ಅಕ್ಕಿ ಡಬ್ಬಿಗಳಲ್ಲಿ ಅಕ್ಕಿಗೆ ಜಾಗವಿಲ್ಲ! ಪಕ್ಕದ ಅವಿನಾಶಿ ಊರಿನ ಮದುವೆಯೊಂದರಲ್ಲಿ ಚಿಕ್ಕಪ್ಪ ಹೆಂಗಸೊಬ್ಬರ ಮುಡಿಯ ಸೇವಂತಿಗೆ ನೋಡುತ್ತಾ ಊಟದ ಪಂಕ್ತಿಯವರೆಗೂ ಹಿಂಬಾಲಿಸಿದರು. ಆಕೆಯ ಗಂಡ ತೋಳೇರಿಸಿಕೊಂಡು ಎದ್ದ.

"ಕೋಪ ಬೇಡ ಪಾ," ಎಂದರು ಚಿಕ್ಕಪ್ಪ, "ನಿಮ್ಮ ಸಂಸಾರ ನಿಮಗೇ ಇರಲಿ. ನನಗೆ ಹೂ ಮಾತ್ರ ಸಾಕು!"

ರೆಸಿನ್ ಹುಯ್ಯಲು ಅಚ್ಚು ಬೇಡವೇ? ಇಡ್ಲಿ ತಟ್ಟೆಗಿಂತ ಒಳ್ಳೆಯ ಅಚ್ಚು ಎಲ್ಲಿದೆ? ಕುಳಿಗೊಂದು ಗುಲಾಬಿ ಕೂತಿತು. ಕೂತದ್ದು ಏಳಲೇ ಇಲ್ಲ! ಚಿಕ್ಕಮ್ಮ ತಟ್ಟೆಯನ್ನು ಹಾಗೇ ಊಟಕ್ಕೆ ತಂದಿಟ್ಟು, "ಚಟ್ನಿ ಹಾಕ್ಕೊಂಡು ತಿನ್ನಿ," ಎಂದರು.

ಹೀಗಿರುವಾಗ ಎದುರುಮನೆಯ ಅಜ್ಜಿ ಒಂದು ಕಾಗದದ ಪೊಟ್ಟಣ ತಂದರು. ಒಳಗೆ ಒಣಗಿದ ಗುಲಾಬಿ. ತೀರಿಹೋದ ಯಜಮಾನರು ಬಕೆಟ್ಟಿನಲ್ಲಿ ಬೆಳೆಸಿದ್ದ ಗಿಡದ ಕೊನೆಯ ಹೂವದು. ಗಿಡವೂ ಅವರ ಹಿಂದೆಯೇ ಒಣಗಿತ್ತು.

ಕಂಡವರ ಮುಡಿಗೆ ಕಣ್ಣು ಹಾಕುತ್ತಿದ್ದ ಚಿಕ್ಕಪ್ಪ ಅದನ್ನು ಮುಟ್ಟಲೇ ಹೆದರಿದರು. "ಕೆಟ್ಟರೆ ಇನ್ನೊಂದು ಇಲ್ಲವಲ್ಲಮ್ಮಾ," ಎಂದರು. ಅಜ್ಜಿ ಬಿಡಲಿಲ್ಲ.

ಉಸಿರು ಬಿಗಿಹಿಡಿದು ಹುಯ್ದರು. ಆದರೂ ಒಂದು ಎಸಳು ಮುರಿದು, ಹೂವಿನ ಪಕ್ಕಕ್ಕೆ ತೇಲಿ, ಅಲ್ಲೇ ಗಟ್ಟಿಯಾಗಿಬಿಟ್ಟಿತು. ಚಿಕ್ಕಪ್ಪ ಊಟ ಬಿಟ್ಟರು. ಕೊನೆಗೆ ಅದನ್ನು ಅಜ್ಜಿಯ ಕೈಗಿಟ್ಟು ತಲೆ ತಗ್ಗಿಸಿ ನಿಂತರು.

ಅಜ್ಜಿ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅವರು ನೀರು ಹಾಕಕ್ಕೆ ಹೋದಾಗೆಲ್ಲ ಕೈ ತಾಗಿ ಒಂದು ಎಸಳು ಉದುರೋದು ಪಾ. ನಾನು ಬೈತಾನೇ ಇದ್ದೆ," ಎಂದರು. "ಇದು ಸರಿಯಾಗೇ ಇದೆ."