‘ಇಲ್ಲ’ ಎನ್ನಲು ಬಾರದ ಅತ್ತೆ

ಡಾಕ್ಟರ್ ಓದುವವರ ದಪ್ಪ ದಪ್ಪ ಪುಸ್ತಕಗಳಲ್ಲಿರುವ ಕಾಯಿಲೆಗಳ ಪೈಕಿ ನನ್ನ ಸೋದರತ್ತೆಗೆ ಬಾರದೆ ಉಳಿದದ್ದು ಒಂದೂ ಇಲ್ಲ. ಹಾಗಾದರೆ ಅವರಿಗೆ ನಿಜಕ್ಕೂ ಏನಾಗಿತ್ತು ಎಂದು ಕೇಳಬೇಡಿ. ಮೊನ್ನೆ ಮೊನ್ನೆಯವರೆಗೂ ಮಂಡಿನೋವೊಂದನ್ನು ಬಿಟ್ಟರೆ ಏನೂ ಆಗಿರಲಿಲ್ಲ!

ಅತ್ತೆ ಇರುವುದು ಸೊರಬದ ಹತ್ತಿರದ ಜಡೆಯಲ್ಲಿ. ಅವರ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರುವುದಿಲ್ಲ. ಮನೆಯಲ್ಲಿ ಅಕ್ಕಿ ಮುಗಿದರೂ ‘ಅಕ್ಕಿ ಹೆಚ್ಚಿದೆ’ ಎನ್ನುವ ಕಾಲದವರು. ಅಷ್ಟಕ್ಕೇ ನಿಂತಿದ್ದರೆ ನಾನೇಕೆ ಬರೆಯುತ್ತಿದ್ದೆ? ಅವರು ಅದನ್ನು ಅಡುಗೆಮನೆಯಿಂದ ಬೀದಿಗೂ ತಂದರು. ತಲೆಗೆಣ್ಣೆ ಮಾರುವವನು ಬಂದು “ಕೂದಲು ಉದುರುತ್ತಾ ಅಮ್ಮಾ?” ಎಂದರೆ, ಸೊಂಟ ಮುಟ್ಟುವ ಹೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು “ಉದುರ್ತದೆ ಮಗಾ” ಎನ್ನುತ್ತಾರೆ. ಅಷ್ಟು ಆಸೆಯಿಂದ ಕೇಳಿದವನನ್ನು ನಿರಾಸೆ ಮಾಡುವುದು ಹೇಗೆ?

ಒಮ್ಮೆ ಚಂದ್ರಗುತ್ತಿಗೆ ಹೊರಟಿದ್ದ ಒಂದು ಕುಟುಂಬ ಇವರ ಮನೆ ಮುಂದೆ ಕಾರು ನಿಲ್ಲಿಸಿ, “ಚಂದ್ರಗುತ್ತಿಗೆ ಇದೇ ದಾರಿಯಾ?” ಎಂದು ಕೇಳಿತು. “ಹೌದು, ಇದೇಯಾ” ಎಂದರು ಅತ್ತೆ. ಆ ದಾರಿ ನೇರ ಗದ್ದೆಗೆ ಹೋಗಿ ಮುಗಿಯುತ್ತದೆ! ಕೆಸರು ಮೆತ್ತಿಕೊಂಡು ವಾಪಸು ಬಂದವರನ್ನು ಅತ್ತೆಯೇ ಕೈಕಾಲು ತೊಳೆಸಿ, ಊಟಕ್ಕೆ ಕೂರಿಸಿದರು. ನಾನು ಬೈದದ್ದಕ್ಕೆ ಬಂದ ಉತ್ತರ ಕೇಳಿ: “ಅಲ್ಲ ಅಂದಿದ್ರೆ ಪಾಪ, ಉಪವಾಸ ಹೋಗ್ತಿದ್ರಲ್ಲೆ!”

ಇಂಥವರನ್ನು ಮೆಡಿಕಲ್ ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಏನಾಗಬೇಡ?

ನನ್ನ ಮಗಳು ಶಿವಮೊಗ್ಗದಲ್ಲಿ ಓದುತ್ತಿರುವುದು ಮೆಡಿಕಲ್. ಅಲ್ಲಿ ಪಾಠವೆಲ್ಲ ಪುಸ್ತಕದಲ್ಲಿ ಮುಗಿಯುವುದಿಲ್ಲ. ಕೆಲವು ವಾರ ಮೆಡಿಸಿನ್, ಕೆಲವು ವಾರ ಸರ್ಜರಿ, ಆಮೇಲೆ ಕಣ್ಣು, ಮಕ್ಕಳು ಎಂದು ವಾರ್ಡಿನಿಂದ ವಾರ್ಡಿಗೆ ತಿರುಗಿಸುತ್ತಾರೆ. ಪೋಸ್ಟಿಂಗ್ ಎನ್ನುತ್ತಾರೆ ಅದಕ್ಕೆ. ಹಾಸಿಗೆಯ ಪಕ್ಕ ನಿಂತು, ರೋಗಿಯನ್ನು ಕೇಳಿ ಕೇಳಿಯೇ ಕಾಯಿಲೆ ಹಿಡಿಯಬೇಕು. ಅತ್ತೆಯ ಮಂಡಿನೋವಿಗೆ ಅವಳ ಕಾಲೇಜಿನ ಆಸ್ಪತ್ರೆಗೇ ಕರೆದುಕೊಂಡು ಹೋಗಿ ವಾರ್ಡಿಗೆ ಸೇರಿಸಿದೆವು. ಡಾಕ್ಟರು ಬರುವ ಮೊದಲು ಒಬ್ಬ ಸಣಕಲು ವಿದ್ಯಾರ್ಥಿ ಬಂದ. ಹೊಸ ಬಿಳಿ ಕೋಟು, ಹಣೆ ತುಂಬ ಬೆವರು.

“ಅಜ್ಜಿ, ಕೆಮ್ಮು ಇದೆಯಾ?”

“ಇದೆ ಮಗಾ.”

ಹುಡುಗನ ಮುಖ ಅರಳಿತು. ಅದನ್ನು ಕಂಡು ಅತ್ತೆಯದೂ ಅರಳಿತು.

“ಕಫ ಬರುತ್ತಾ?”

“ಬರ್ತದೆ.”

“ಯಾವ ಬಣ್ಣ?”

ಅತ್ತೆ ಸ್ವಲ್ಪ ಯೋಚಿಸಿ, “ನಿಂಗೆ ಯಾವ್ದು ಬೇಕು?” ಎಂದರು.

ಪ್ರೊಫೆಸರ್ ಬಂದಾಗ ಆ ಹುಡುಗ ಕ್ಷಯ, ಆಸ್ತಮಾ, ಕಾಮಾಲೆ, ಮೂರ್ಛೆರೋಗ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ. “ಇಷ್ಟೆಲ್ಲ ಇದ್ದೂ ಇವರು ಬದುಕಿರೋದು ಹೇಗಪ್ಪಾ?” ಎಂದು ಅವರು ಅತ್ತೆಯ ಕಡೆ ತಿರುಗಿದರು. “ಏನ್ ತೊಂದ್ರೆ ಅಮ್ಮಾ?”

“ಮಂಡಿನೋವು ಕಣ್ರೀ. ಆ ಹುಡುಗನ್ನ ಬೈಬೇಡಿ. ಬೆಳಗ್ಗಿಂದ ತಿಂಡಿ ತಿಂದಂಗೆ ಕಾಣಲ್ಲ ಅದು.”

ಅಲ್ಲಿಂದ ಮುಂದೆ ಅತ್ತೆ ಆ ವಾರ್ಡಿಗೆ ಅಚ್ಚುಮೆಚ್ಚಿನವರಾದರು. ಹೊಟ್ಟೆ ಒತ್ತಿ ನೋಡಲು ಬಂದವರಿಗೆ ಬಲಗಡೆ ಒತ್ತಿದರೂ ನೋವು, ಎಡಗಡೆ ಒತ್ತಿದರೂ ನೋವು. “ಒಬ್ಬಂಗೆ ಹೌದು ಅಂದು ಇನ್ನೊಬ್ಬಳಿಗೆ ಇಲ್ಲ ಅಂದ್ರೆ ಬೇಜಾರಾಗಲ್ವಾ?” ಎಂದು ನನ್ನನ್ನೇ ಕೇಳಿದರು. ಸದ್ಯ, ಹೆರಿಗೆ ವಾರ್ಡಿನ ಪೋಸ್ಟಿಂಗಿನವರು ಆ ಕಡೆ ಬರಲಿಲ್ಲ. ಬಂದಿದ್ದರೆ ಈ ವಯಸ್ಸಿನಲ್ಲಿ ಅತ್ತೆಗೆ ಸೀಮಂತ ಮಾಡಬೇಕಾಗುತ್ತಿತ್ತು!

ಇದೆಲ್ಲ ನಗುವ ಮಾತಾಯಿತು. ಅತ್ತ ಮಗಳಿಗೆ ನಗುವೇ ಹೋಗಿತ್ತು. ವಾರ್ಡಿನ ಪರೀಕ್ಷೆಯಲ್ಲಿ ಅವಳ ಪ್ರೊಫೆಸರ್ ಎಲ್ಲರ ಮುಂದೆ, “ನಿನಗೆ ಪ್ರಶ್ನೆ ಕೇಳೋಕೆ ಬರುತ್ತೆ, ಉತ್ತರ ಕೇಳಿಸ್ಕೊಳ್ಳೋಕೆ ಬರಲ್ಲ” ಎಂದುಬಿಟ್ಟಿದ್ದರು. ಶಿಕಾರಿಪುರದ ನಮ್ಮ ಮನೆಗೆ ಬಂದವಳೇ ಬಿಳಿ ಕೋಟನ್ನು ಮುದ್ದೆ ಮಾಡಿ ಬೀರುವಿಗೆ ತುರುಕಿದಳು. “ನಾನು ಮತ್ತೆ ಹೋಗಲ್ಲಮ್ಮ. ನನ್ನ ಕೈಲಿ ಆಗಲ್ಲ.” ಚಿಕ್ಕಂದಿನಿಂದ ಗೊಂಬೆಗಳಿಗೆಲ್ಲ ಇಂಜೆಕ್ಷನ್ ಕೊಡುತ್ತಿದ್ದ ಹುಡುಗಿ! ನಾನು ರಮಿಸಿದೆ, ಗದರಿಸಿದೆ. ಅವರಪ್ಪ, “ನಾಕ್ ದಿನ ಬಿಡು, ತಾನೇ ಸರಿ ಹೋಗ್ತಾಳೆ” ಎಂದರು. ಸರಿ ಹೋಗಲಿಲ್ಲ, ಅಳುವೂ ನಿಲ್ಲಲಿಲ್ಲ. ದಿಕ್ಕು ತೋಚದೆ ಅತ್ತೆಗೆ ಫೋನ್ ಮಾಡಿದೆ.

ಮರುದಿನವೇ ಅತ್ತೆ ಬಸ್ ಹಿಡಿದು ಬಂದರು. ಯಾವತ್ತೂ ಬಂದವರೇ ಅಡುಗೆಮನೆಗೆ ನುಗ್ಗಿ ನನ್ನ ಸಾರಿಗೆ ಹೆಸರಿಡುವವರು, ಅಂದು ಜಗಲಿಯಲ್ಲೇ ಕೂತು ನೀರು ಕೇಳಿದರು. “ಬಸ್ಸು ಅಲ್ಲಾಡಿಸಿ ಹಾಕ್ತು ಮಾರಾಯ್ತಿ” ಎಂದರು. ನಾನೂ ಹೌದೆಂದುಕೊಂಡೆ. ಸುಧಾರಿಸಿಕೊಂಡ ಮೇಲೆ ಮಗಳನ್ನು ಕೂಗಿದರು.

“ಬಾ ಇಲ್ಲಿ. ನನ್ನ ನೋಡು. ನಿಂಗೆ ಬೇಕಾದ್ದೆಲ್ಲ ಕೇಳು.”

“ಬೇಡ ಅಜ್ಜಿ. ನೀವು ಎಲ್ಲದಕ್ಕೂ ಇದೆ ಅಂತೀರಿ.”

“ಅನ್ನದೆ ಮತ್ತೆ? ಕೇಳು ಸುಮ್ನೆ.”

ಮಗಳು ಬಲವಂತಕ್ಕೆ ಕೂತಳು. ಮುಖ ಗೋಡೆ ಕಡೆ, ದನಿಯಲ್ಲಿ ಜೀವವಿಲ್ಲ.

“ಕೆಮ್ಮು?”

“ಇದೆ.”

“ಜ್ವರ?”

“ಇದೆ.”

“ತಲೆಸುತ್ತು?”

“ಅದೂ ಇದೆ.”

ನಾನು ಒಳಗೆ ಒಗ್ಗರಣೆ ಹಾಕುತ್ತಾ ನಗುತ್ತಿದ್ದೆ.

“ಎದೆನೋವು?”

“ಇಲ್ಲ.”

ನನಗೆ ಏನೂ ಅನ್ನಿಸಲಿಲ್ಲ. ಮಗಳ ದನಿ ಮಾತ್ರ ತಟ್ಟನೆ ಬದಲಾಯಿತು.

“ಏನಂದ್ರಿ ಅಜ್ಜಿ?”

“ಇಲ್ಲ ಅಂದೆ. ಮುಂದಿಂದು ಕೇಳು.”

“ನಡೆದ್ರೆ ಏದುಸಿರು ಬರುತ್ತಾ?”

“ಇಲ್ಲ. ಅದೂ ಇಲ್ಲ.”

ನಾನು ಹೊರಗೆ ಬರುವಷ್ಟರಲ್ಲಿ ಮಗಳು ಗೋಡೆ ಕಡೆಯಿಂದ ತಿರುಗಿ, ಅತ್ತೆಯ ಕೈಹಿಡಿದು ಅವರ ಮುಖವನ್ನೇ ನೋಡುತ್ತಿದ್ದಳು.

“ಯಾವಾಗಿಂದ ಅಜ್ಜಿ ಈ ನೋವು?”

“ಯಾರು ಹೇಳಿದ್ರು ನಿಂಗೆ?” ಅತ್ತೆ ಗಾಬರಿಯಾಗಿ ನನ್ನತ್ತ ನೋಡಿದರು.

“ನೀವೇ ಹೇಳಿದ್ರಲ್ಲ, ಈಗ” ಎಂದಳು ಮಗಳು. ಆಮೇಲೆ ನನಗೆ, “ಅಮ್ಮಾ, ಒಲೆ ಆರಿಸು. ಅಪ್ಪಂಗೆ ಕಾರು ತೆಗೆಯೋಕೆ ಹೇಳು” ಎಂದಳು. ಅಷ್ಟು ದಿನ ಅಳುತ್ತಿದ್ದ ಹುಡುಗಿಯ ದನಿಯೇ ಅಲ್ಲ ಅದು. ನಾನು ಒಲೆ ಆರಿಸಿ ಅವರಪ್ಪನನ್ನು ಕೂಗಿದೆ.

ಊರಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದವರು ನಮ್ಮ ಜೊತೆ ಹೆಚ್ಚು ಮಾತಾಡದೆ ಆಂಬುಲೆನ್ಸಿಗೆ ಹೇಳಿದರು. ಶಿವಮೊಗ್ಗದಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು, “ಇವತ್ತು ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು” ಎಂದಷ್ಟೇ ಹೇಳಿದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ನೋವನ್ನು ಸೆರಗಿನೊಳಗೆ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿದ್ದರಲ್ಲ ಈ ಪುಣ್ಯಾತ್ಗಿತ್ತಿ!

ಅತ್ತೆ ಕಣ್ಣುಬಿಟ್ಟು ಮಾತಾಡುವಂತಾದ ಮೇಲೆ ಚೆನ್ನಾಗಿ ಬೈದೆ. “ಯಾಕೆ ಹೇಳಲಿಲ್ಲ ಅತ್ತೆ? ಊರಿಗೆಲ್ಲ ಇಲ್ಲದ ನೋವು ಹೇಳ್ತೀರಿ, ಇರೋ ನೋವು ಹೇಳೋಕೆ ಏನಾಗಿತ್ತು?”

“ಹುಡುಗಿ ಅಳ್ತಾ ಕೂತಿತ್ತಲ್ಲೆ. ಅದ್ರ ಮೇಲೆ ನಂದೊಂದು ಕೇಳಿ ಇನ್ನೂ ಹೆದರ್ಕೊಳ್ಳೋದು ಬೇಡ ಅಂತ ಇಲ್ಲ ಅಂದೆ. ಬಾಯಿಗೆ ಬರದ ಮಾತನ್ನ ಎಷ್ಟು ಕಷ್ಟಪಟ್ಟು ಅಂದಿದ್ದೆ! ಅದನ್ನೂ ಕಂಡುಹಿಡಿದುಬಿಡ್ತು ಮುಂಡೇದು” ಎಂದು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಮಗಳು ಬಂದಳು. ಮುದ್ದೆಯಾಗಿದ್ದ ಬಿಳಿ ಕೋಟನ್ನು ಯಾವಾಗ ತರಿಸಿಕೊಂಡಳೋ, ಯಾವಾಗ ಇಸ್ತ್ರಿ ಮಾಡಿಸಿದಳೋ, ಮೈಮೇಲಿತ್ತು. ಮಧ್ಯಾಹ್ನದಿಂದ ಪೋಸ್ಟಿಂಗಿಗೆ ಹೋಗುವವಳು. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಅತ್ತೆಯ ಮುಖಕ್ಕೆ ಮುಖ ಕೊಟ್ಟು ಕೂತಳು.

“ಅಜ್ಜಿ, ಎದೆನೋವು ಇದೆಯಾ?”



ಅತ್ತೆ ಅವಳ ಕೋಟನ್ನು ನೋಡಿದರು, ಕಾಲರನ್ನು ಒಂದಿಷ್ಟು ಸರಿಮಾಡಿದರು. ಮುಖ ಅರಳಿತು.

“ಇದೆ ಮಗಾ.”

“ಏದುಸಿರು?”

“ಇದೆ. ಕೆಮ್ಮೂ ಇದೆ, ಬರ್ಕೋ.”

ಮಗಳು ನನ್ನ ಕಡೆ ತಿರುಗಿದಳು. ನಗುತ್ತಿದ್ದಳು, ಕೆನ್ನೆಯೆಲ್ಲ ಒದ್ದೆ.

“ಅಮ್ಮಾ, ಅಜ್ಜಿ ಹುಷಾರಾದ್ರು.”